ತಾಳೆ

ಕಿಟ್ ಒಂದು: ಹದಿನೈದು ಗುರುತು, ಜೊತೆಗೆ ಗಂಡೋ ಹೆಣ್ಣೋ ಎಂಬುದು.
ಕಿಟ್ ಎರಡು: ಇಪ್ಪತ್ತಮೂರು, ಬೆಲೆ ದುಪ್ಪಟ್ಟು,
ಡಬ್ಬಿಯ ಮೇಲೆ ನಂಬಿಕೆಯ ಬಗ್ಗೆ ದಪ್ಪ ಅಕ್ಷರ.
ಯಾವುದನ್ನು ಕೊಳ್ಳಬೇಕು, ಶಿಫಾರಸು ಕೊಡಿ ಎಂದಿದ್ದರು ಸಾಹೇಬರು,
ಮಾರ್ಚ್ ಮೂವತ್ತೊಂದರೊಳಗೆ.

ಪರೀಕ್ಷೆಗೆ ಸಿಕ್ಕಿದ್ದು ಒಂದು ತೊಡೆಮೂಳೆ.
ದೇವಬಾಗದಲ್ಲಿ ರಂಪಣಿ ಬಲೆಗೆ ಬಂದದ್ದು,
ಏಳು ತಿಂಗಳು ಉಪ್ಪುಂಡು ಸುಣ್ಣದ ಕಡ್ಡಿಯಾದದ್ದು.
ತೊಳೆದೆ, ಒಣಗಿಸಿದೆ, ಹಿಟ್ಟು ಮಾಡಿದೆ.
ಕಿಟಕಿಯಾಚೆ ಬೈತಖೋಲದ ಬೋಟುಗಳು ಡೀಸೆಲ್ ಕೆಮ್ಮುತ್ತಿದ್ದವು.

ಮೊದಲ ಕಿಟ್ ಒಂಬತ್ತರಲ್ಲಿ ಮಾತಾಡಿತು, ಆರರಲ್ಲಿ ಬಾಯಿ ಮುಚ್ಚಿತು.
ಉದ್ದನೆ ತುಣುಕುಗಳನ್ನು ಸಮುದ್ರ ಮುರಿದು ತಿಂದಿತ್ತು.
ಎರಡನೆಯದು ಗಿಡ್ಡ ತುಣುಕನ್ನೂ ಹೆಕ್ಕುತ್ತದೆ,
ಬಲೆ ಜಾಡಿಸುವ ಹೆಂಗಸರು ಪುಟ್ಟ ಶೆಟ್ಲಿಯನ್ನೂ ಬಿಡದ ಹಾಗೆ.
ಇಪ್ಪತ್ತೊಂದು ಸಿಕ್ಕವು.
ಶೇವಂತಿ ತಾಂಡೇಲಳ ಕೆನ್ನೆಯೊಳಗಿನ ಹತ್ತಿಯ ಪಕ್ಕ ಇಟ್ಟು ನೋಡಿದೆ:
ಪ್ರತಿ ಜೋಡಿಯಲ್ಲೂ ಒಂದು ಅವಳದು.
ಮಗ. ಸೊನ್ನೆಗಳನ್ನು ಎಣಿಸುವುದು ಬೇಡ.

"ಯಾವ ಮಗ, ಬಾಯಿ?"

ಬೋಟಿನಲ್ಲಿ ಇಬ್ಬರೂ ಇದ್ದರು, ಪುರಸು, ಉಲ್ಲಾಸ.
ಮನೆಯಿಂದ ಪೊಲೀಸರು ತಂದದ್ದು ಒಂದೇ ರೇಜರು, ಇಬ್ಬರಿಗೂ ಅದೇ.
ಮೊದಲ ಕಿಟ್ ಅದರಲ್ಲಿ ಒಬ್ಬನನ್ನು ಮಾತ್ರ ಕಂಡಿತು,
ಮೂಳೆ ಅವನದಲ್ಲ ಎಂದು ಕೈತೊಳೆಯಿತು.
ಎರಡನೆಯದು ಇಬ್ಬರನ್ನೂ ತೋರಿಸಿತು:
ಎತ್ತರದ ಗೆರೆ, ಅದರ ಬುಡದಲ್ಲಿ ಹೆದರಿ ಕೂತ ಕುಳ್ಳ ಗೆರೆ.
ಮೂಳೆ ಕುಳ್ಳನೊಡನೆ ಕೂಡುತ್ತಿತ್ತು.
ಕುಳ್ಳನ ಹೆಸರೇನು, ಯಾವ ಕಿಟ್ಟೂ ಹೇಳದು.

ಕೇಳಬಾರದಿತ್ತು, ಕೇಳಿದೆ:
ಕೊನೆಗೆ ಗಡ್ಡ ಹೆರೆದದ್ದು ಯಾರು?

"ಉಲ್ಲಾಸ. ಪುರಸು ಬ್ಲೇಡು ಮುಟ್ಟುತ್ತಿರಲಿಲ್ಲ, ಹೆಂಡತಿ ಬಸುರಿ."
ಹೇಳಿ, ತಾನು ಹೇಳಿದ್ದು ತನಗೇ ಕೇಳಿಸಿ, ಸುಮ್ಮನಾದಳು.

ಕಾರಿಡಾರಿನ ಬೆಂಚಿನ ಮೇಲೆ ಆ ಸೊಸೆ, ಅಬ್ಬಲಿಗೆ ಮುಡಿದು.
ತೊಡೆಯ ಮೇಲೆ ಆರು ತಿಂಗಳ ಕೂಸು,
ತನ್ನ ಮುಷ್ಟಿಯನ್ನು ತಾನೇ ಚೀಪುತ್ತ.
ಒಂದು ಹತ್ತಿಕಡ್ಡಿ ಸಾಕಿತ್ತು.
ಆ ಎಳೆ ಬಾಯಿಗೆ ಅಗ್ಗದ ಕಿಟ್ಟೂ ಸಾಕಿತ್ತು.

ನನ್ನ ಕೈ ಜೇಬಿನ ಕಡೆ ಹೋದದ್ದನ್ನು ಶೇವಂತಿ ನೋಡಿದಳು.
"ಕಾಗದದಲ್ಲಿ ಒಬ್ಬ ಮಗ ಅಂತ ಬರೀರಿ, ಬಾಯಿ.
ಇವತ್ತಿಗೆ ಅಷ್ಟೇ."

ಬರೆದೆ.
ಸಾಹೇಬರಿಗೆ ಎರಡನೆಯ ಕಿಟ್ಟನ್ನೇ ಶಿಫಾರಸು ಮಾಡಿದೆ,
ಮೂಳೆಹಿಟ್ಟು ಎಷ್ಟು ಮಿಲಿಗ್ರಾಂ, ಗಂಟೆ ಎಷ್ಟು, ಖರ್ಚೆಷ್ಟು, ಎಲ್ಲ.
ಕೊರತೆಗಳು ಎಂಬ ಸಾಲಿನೆದುರು ಬಹಳ ಹೊತ್ತು ಕೂತು
ಕೊನೆಗೆ ಬರೆದದ್ದು:
ಫ್ರಿಜ್ಜಿನಲ್ಲಿ ಇಡಬೇಕು.