ಅರ್ಧ ಮಾತ್ರೆ

ಮೊದಲು ಸೀನಿದವಳು ನಾನೇ.
ಶೆಟ್ಲಿ ಮನೆಗೆ ಬಂದ ಮೂರನೆಯ ದಿನ
ಕಣ್ಣು ಕೆಂಪು, ಮೂಗು ನಲ್ಲಿ.
ಬೈತಖೋಲದ ಐಸ್ ಫ್ಯಾಕ್ಟರಿಯಲ್ಲಿ ಲೆಕ್ಕ ಬರೆಯುವಾಗ
ಪುಸ್ತಕದ ಮೇಲೆ ಹನಿ ಬಿದ್ದು
ಉಮಾಕಾಂತ ತಾಂಡೇಲರ ಹದಿನೆಂಟು ಬ್ಲಾಕು
ಕರಗಿ ಹತ್ತಾಗಿತ್ತು.

ಬೆಕ್ಕಿನ ಕೂದಲು ನಿಮಗಾಗುವುದಿಲ್ಲ, ಬಿಟ್ಟುಬಿಡಿ, ಎಂದರು ಡಾಕ್ಟರು.
ಕೂದಲನ್ನೋ ಬೆಕ್ಕನ್ನೋ ಕೇಳಲಿಲ್ಲ ನಾನು.
ರಾತ್ರಿಗೊಂದು ಬಿಳಿ ಮಾತ್ರೆ ನುಂಗಿ
ಕಾಲಬುಡದಲ್ಲೇ ಮಲಗಿಸಿಕೊಂಡೆ.

ಈಗ ಅವಳ ಸರದಿ.
ಕೆರೆದು ಕೆರೆದು ಕಿವಿಯ ಹಿಂದೆ ಕೂದಲುದುರಿ
ಬಂಗಡೆಯ ಹೊಟ್ಟೆಯ ಬಣ್ಣದ ಚರ್ಮ ಕಾಣುತ್ತದೆ.
ಸೀನುತ್ತಾಳೆ. ಸೀನಿ,
ನಾನೇ ಸೀನಿದೆನೋ ಎಂಬಂತೆ ನನ್ನ ಮುಖ ನೋಡುತ್ತಾಳೆ.

ಗಂಟೆ ಹತ್ತು. ಕೋಡಿಬಾಗದ ಮೆಡಿಕಲ್ ಬಾಗಿಲೆಳೆದಾಗಿದೆ.
ಮೇಜಿನ ಮೇಲೆ ಎರಡು ಪಟ್ಟಿ:
ನನ್ನ ಬಿಳಿಯದು, ಅತ್ತೆಯ ಥಂಡಿಯ ಹಳದಿಯದು.
ಎರಡೂ ಸೀನಿಗೇ ತಾನೆ.
ಚಾಕು ತಂದೆ. ಪುಟ್ಟ ಜೀವ, ಅರ್ಧ ಸಾಕು.
ಅರ್ಧದರ್ಧವಾದರೆ ಇನ್ನೂ ಒಳ್ಳೆಯದು.
ನೊಗಲಿಯ ತುಣುಕಿನೊಳಗೆ ಅಡಗಿಸಿದರೆ
ಗೊತ್ತೇ ಆಗುವುದಿಲ್ಲ ಅವಳಿಗೆ.

ಕೈ ನಿಂತಿತು.
ದೇವರು ತಡೆದದ್ದಲ್ಲ. ಕನ್ನಡಕ ಸಿಗಲಿಲ್ಲ, ಅಷ್ಟೇ.
ಫೋನು ಹಚ್ಚಿದೆ ಡಾಕ್ಟರ್ ನಸೀಮಾಗೆ;
ಬೀದಿನಾಯಿಗಳಿಗೆ ಸೂಜಿ ಹಾಕಲು ಬಂದಾಗ
ನಂಬರು ಕೊಟ್ಟುಹೋಗಿದ್ದರು.

ತೂಕ ಎಷ್ಟು? ಎಂದರು ಮೊದಲು.
ಅತ್ತೆ ಮೀನು ಮಾರುತ್ತಿದ್ದ ಕಾಲದ ತಕ್ಕಡಿ
ಅಟ್ಟದಿಂದ ಇಳಿಸಿದೆ. ಮೂರು ಕಿಲೋ, ಮೇಲೆ ಇನ್ನೂರು.
ತಟ್ಟೆಯಲ್ಲಿ ಕೂತ ಶೆಟ್ಲಿ ಎದುರಿನ ಕಲ್ಲುಗಳನ್ನೇ ನೋಡಿದಳು
ದರ ಒಪ್ಪದ ಗಿರಾಕಿಯ ಹಾಗೆ.

ಬಿಳಿಯದನ್ನು ಒಮ್ಮೊಮ್ಮೆ ನಾವೂ ಬರೆಯುತ್ತೇವೆ, ಅಂದರು,
ಮುಟ್ಟಿ ನೋಡಿ, ತೂಗಿ, ಕಿಡ್ನಿ ಹೇಗಿದೆ ತಿಳಿದು.
ಚಾಕು ಹಿಡಿದು ಅಂದಾಜಿನ ಮೇಲಲ್ಲ.
ಸೀನೆಲ್ಲ ಅಲರ್ಜಿಯೇ ಆಗಬೇಕೆಂದೂ ಇಲ್ಲ.
ಇನ್ನೊಂದು ಪಟ್ಟಿಯ ಹಿಂದೆ ಏನಿದೆ, ಅಕ್ಷರ ಅಕ್ಷರ ಓದಿ.
ಓದಿದೆ. ಕನ್ನಡಕ ತಲೆಯ ಮೇಲೇ ಇತ್ತು.
ಪ್ಯಾರಾಸಿಟಮಾಲ್ ಎಂಬಲ್ಲಿ ತಡೆದರು.
ನಮ್ಮ ಮೈ ಅದನ್ನು ಬಿಡಿಸಿ ಹೊರಗೆ ಹಾಕುತ್ತದೆ,
ಬೆಕ್ಕಿನ ಲಿವರಿಗೆ ಆ ಗಂಟು ಬಿಚ್ಚಲು ಬರುವುದಿಲ್ಲ.
ಒಂದು ಚೂರೂ ಬೇಡ.
ರಕ್ತ ಕಂದು ಬಣ್ಣಕ್ಕೆ ತಿರುಗುತ್ತದೆ, ಒಸಡು ನೀಲಿ,
ಉಸಿರು ಸಾಲದು, ಮುಖ ಬಾತುಕೊಳ್ಳುತ್ತದೆ, ಮುಂಗಾಲು...

ಮುಖ ಬಾತುಕೊಳ್ಳುತ್ತದೆಯಾ?

ಹೌದು. ಯಾಕೆ?

ಏನಿಲ್ಲ, ಎಂದೆ.

ಐದು ವರ್ಷದ ಹಿಂದೆ, ಚೌತಿಯ ಮರುದಿನ
ನಮ್ಮ ಗಂಡುಬೆಕ್ಕು ಪಾಪ್ಲೆಟ್
ಒಲೆಯ ಪಕ್ಕ ಬಾಯಿ ತೆರೆದು ಉಸಿರೆಳೆಯುತ್ತಿದ್ದ.
ಮುಖ ಇಷ್ಟು ದಪ್ಪ, ಕಣ್ಣು ಎರಡು ಗೀರು.
ಹಾವೇ, ಎಂದರು ಕೇರಿಯವರೆಲ್ಲ.
ಅತ್ತೆ ರಾತ್ರಿಯಿಡೀ ಅರಿಶಿನ ಹಚ್ಚುತ್ತ ಕೂತರು.
ಪಕ್ಕದ ದತ್ತಾರಾಮ ಬೆಳಗಾಗುವ ಮೊದಲೇ
ಗೋಡೆಬುಡದ ಬಿಲಕ್ಕೆ ಸಿಮೆಂಟು ಸುರಿದ.
ಒಳಗೆ ಯಾರಿದ್ದರೋ.

ಶೆಟ್ಲಿಗೆ ಎಂತ ಕೊಟ್ಯೇ? ಒಳಗಿನಿಂದ ಅತ್ತೆಯ ದನಿ.
ಎಂತದೂ ಇಲ್ಲ. ಬೆಳಿಗ್ಗೆ ಆಸ್ಪತ್ರೆಗೆ ಒಯ್ಯುತ್ತೇನೆ.
ನನ್ನ ಮಾತ್ರೆ ಕೊಡಬಹುದಿತ್ತಲ್ಲ.
ಪಾಪ್ಲೆಟ್‌ಗೆ ಥಂಡಿಯಾದಾಗ ಹಾಲಿನಲ್ಲಿ ಅರೆದು ಹಾಕಿದ್ದೆ,
ಗುಣ ಆಗ್ತಿತ್ತು ಪಾಪ, ಅಷ್ಟರಲ್ಲಿ ಆ ಹಾವು...

ಹೌದು ಅತ್ತೆ, ಎಂದೆ.
ಆ ಹಾವು.

ಹಳದಿ ಪಟ್ಟಿ ಕಪಾಟಿಗೆ ಹೋಯಿತು, ಬೀಗದೊಳಗೆ.
ಬಿಳಿಯದನ್ನು ನಾನು ನುಂಗಿದೆ, ಪೂರ್ತಿ.

ಬೆಳಿಗ್ಗೆ ಮೀನಿನ ಬುಟ್ಟಿಯಲ್ಲಿ ಶೆಟ್ಲಿಯನ್ನಿಟ್ಟು
ದತ್ತಾರಾಮನ ಗೋಡೆ ಹಿಡಿದು ನಡೆದೆ.
ರೊಟ್ಟಿಯಷ್ಟಗಲ ಸಿಮೆಂಟು, ಮೇಲೆ ಯಾರದೋ ಹೆಬ್ಬೆರಳಿನ ಗುರುತು.
ಅಲ್ಲಿ ಬಂದಾಗ ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದೆ,
ಸದ್ದಾಗಬಾರದೆಂದು.
ಬುಟ್ಟಿಯೊಳಗಿನಿಂದ ಶೆಟ್ಲಿ ಸೀನಿದಳು.