ತೇಯುವುದು

ರೈನಿಯ ಕುರಿಹೊಲದಿಂದ ಬಂದ ಕಲ್ಲು.
ಗಾಜಿನ ಹಲಗೆ, ಚಿಟಿಕೆ ಒರಟು ಪುಡಿ, ನೀರು.
ಗಂಧ ತೇಯ್ದ ಹಾಗೆ ತೇಯಬೇಕು.
"ಎಂಟು ಬರೆಯಿರಿ, ಕೈ ಎತ್ತದೆ," ಎನ್ನುತ್ತಾಳೆ
ಮೋರ್ವೆನ್ ಲಮ್ಸ್‌ಡೆನ್, ಅರವತ್ತೊಂದರವಳು,
ಉಣ್ಣೆಯ ಟೋಪಿ ಒಳಗೆ ಬಂದರೂ ತೆಗೆಯದವಳು.
ಅಬರ್ಡೀನಿನ ಈ ನೆಲಮಾಳಿಗೆಯಲ್ಲಿ ನಾವು ಮೂವರು,
ಗ್ರೀರ್, ಕ್ಯಾಲಮ್, ನಾನು.

ಸವೆದು ಸವೆದು ಕಲ್ಲು ಬೆಳಕು ಹಾಯುವಷ್ಟಾದಾಗ
ಗಿಡ ಕಾಣುತ್ತದೆ.
ಎಲೆಯಿಲ್ಲ. ಹೂವಿನ ಮಾತು ದೂರ.
ನಲವತ್ತು ಕೋಟಿ ವರ್ಷದ ಹಿಂದೆ
ಬಿಸಿನೀರ ಬುಗ್ಗೆ ಉಕ್ಕಿ
ನಿಂತಲ್ಲೇ ಕಲ್ಲಾದ ಕಾಂಡ. ಬೇರೂ ಇಲ್ಲ.

"ಬೇರಿಲ್ಲದೆ ನಿಂತದ್ದು ಹೇಗೆ?"
"ಸಾಲ ಮಾಡಿ."
ಕೋಶದೊಳಗೆ ಬೂಷ್ಟಿನ ಕವಲು ತೋರಿಸಿದಳು:
ಅದು ಮಣ್ಣಿನ ಸಾರ ತಂದುಕೊಡುತ್ತದೆ, ಇದು ಸಕ್ಕರೆ ಕೊಡುತ್ತದೆ.
"ಸ್ವಂತ ಕಾಲ ಮೇಲೆ ನಿಂತೆ ಎನ್ನುವವರು ಸಿಕ್ಕಾಗ
ಈ ಸ್ಲೈಡು ನೆನಪಾಗುತ್ತದೆ ನನಗೆ."

ಪೀಟರ್‌ಹೆಡ್ಡಿನ ಮೀನುದೋಣಿಯವರ ಹುಡುಗ ಕ್ಯಾಲಮ್
ತಲೆಯೆತ್ತದೆ ಕೇಳಿದ:
"ಇದರಲ್ಲಿ ಕೆಲಸ ಸಿಗುತ್ತದಾ?"
"ಇಲ್ಲ. ನನಗೆ ಸಿಕ್ಕಿತು,
ಹನ್ನೊಂದು ವರ್ಷ ಬೇರೆಯವರ ಸೂಕ್ಷ್ಮದರ್ಶಕ ಒರೆಸಿದ ಮೇಲೆ."
"ಮತ್ತೆ ನೀವ್ಯಾಕೆ ಬಂದಿರಿ?"

ಟೋಪಿ ಕಿವಿಯ ಮೇಲೆ ಎಳೆದುಕೊಂಡಳು.
"ಡಾಕ್ಟರಾಗಲು ಹೊರಟಿದ್ದೆ. ರಕ್ತ ನೋಡಿ ಬಿದ್ದೆ, ಎರಡು ಸಲ.
ಗಿಡಗಳು ಕೆಂಪಾಗಿ ಸೋರುವುದಿಲ್ಲ, ಅಷ್ಟಕ್ಕೇ ಈ ಕಡೆ ಬಂದೆ.
ಜೊತೆಗೆ, ಆ ಕೋಣೆಯಲ್ಲಿ ಹೀಟರ್ ಇತ್ತು.
ಉಳಿದದ್ದು ಬೇರೆ ಕಾರಣಕ್ಕೆ.
ಒಂದು ಮಧ್ಯಾಹ್ನ ಕಾಂಡದ ಸಿಪ್ಪೆಯ ಮೇಲೆ
ಉಸಿರುಗಂಡಿ ಕಂಡಿತು. ಎರಡು ಕೋಶ,
ತುಟಿಯಂತೆ, ನಡುವೆ ಸೀಳು. ತೆರೆದೇ ಇತ್ತು.
ಏನೋ ಹೇಳಲು ಬಾಯಿ ತೆರೆದವರ ಎದುರಿನಿಂದ
ಎದ್ದು ಹೋಗುವುದು ನಮ್ಮ ಮನೆಯಲ್ಲಿ ಮರ್ಯಾದೆಯಲ್ಲ."

ಅಷ್ಟರಲ್ಲಿ ಗ್ರೀರ್ ಚೀರಿದಳು.
ಒಂದು ಸುತ್ತು ಹೆಚ್ಚಾಗಿತ್ತು.
ಗಾಜಿನ ಮೇಲೆ ಏನೂ ಉಳಿದಿರಲಿಲ್ಲ, ಗಿಡ
ಬೂದು ನೀರಾಗಿ ಅವಳ ಮುಂಗೈ ಇಳಿಯುತ್ತಿತ್ತು.

ಮೋರ್ವೆನ್ ಬಯ್ಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ.
ಬೀರುವಿನ ಕೊನೆಯ ಖಾನೆ ಎಳೆದಳು. ಸಿಕ್ಕಿಕೊಂಡಿತು, ಒದ್ದಳು.
ಸಾಲು ಸಾಲು ಖಾಲಿ ಗಾಜು,
ಒಂದೊಂದಕ್ಕೂ ತಾರೀಕು, ಪೆನ್ಸಿಲಿನಲ್ಲಿ ಅವಳದೇ ಹೆಸರು.
ಕ್ಯಾಲಮ್ ಎಣಿಸಿದ: ನೂರ ಹದಿನಾಲ್ಕು.
ಗ್ರೀರಳಿಂದಲೂ ತಾರೀಕು ಬರೆಸಿ ಪಕ್ಕದಲ್ಲಿಟ್ಟಳು.
"ಕೈ ತೊಳೆದುಕೋ. ಉಗುರಿನ ಸಂದಿಯನ್ನೂ.
ಅಷ್ಟು ಹಳೆಯ ಕೆಸರು ಮೆತ್ತಿಕೊಂಡು ಬಿಸ್ಕತ್ತು ತಿನ್ನಬಾರದು."

ಕ್ಯಾಲಮನ ಬಸ್ಸು ಆರಕ್ಕೆ.
ಏಳೂವರೆಯದೂ ಹೋಯಿತು.
ಕರ್ರ್ ಕರ್ರ್ ಎಂದು ಅವನ ಎಂಟು ಇನ್ನೂ
ಸ್ವಲ್ಪ ಸೊಟ್ಟವೇ ಇತ್ತು.