ಹಗ್ಗದ ಮೇಲಿನ ಅಂಗಿ

ಅರ್ಜಿ ಮರಾಠಿಯಲ್ಲಿತ್ತು. ತುಂಬಿದವಳು ನಾನು,
ಯೆರವಡಾದ ಮುನಿಸಿಪಾಲ್ಟಿ ಶಾಲೆಯ ಏಳನೇ ಇಯತ್ತೆ.
ಜೆರಾಕ್ಸ್ ಅಂಗಡಿಯ ಕಟ್ಟೆಯ ಮೇಲೆ ಕೂತು ಕೇಳಿದೆ:
ವಿಧವೆಯೋ, ಸೋಡಚೀಟಿಯಾದವಳೋ, ಪರಿತ್ಯಕ್ತೆಯೋ?
"ಅಂದ್ರ?" ಅಂದಳು ಅವ್ವ.
ಗಂಡ ಬಿಟ್ಟಾಕಿ, ಅಂದೆ.
ಸುಮ್ಮನಾದಳು. ಆಮೇಲೆ,
"ಬಿಟ್ಟಾಂವ ಅಂವ. ಅಂವಗೊಂದು ಖಾನೆ ಐತೇನು ನೋಡು."
ಹಾಳೆಯ ಹಿಂದೆ ಮುಂದೆ ನೋಡಿದೆ.
ಇರಲಿಲ್ಲ.

ಆಧಾರ ಕಾರ್ಡು ಹಚ್ಚಿ
ನಿರಾಧಾರ ಎಂದು ಸಾಬೀತು ಮಾಡಬೇಕಿತ್ತು.
ಜೆರಾಕ್ಸಿನವ ನಕ್ಕ, ಎರಡು ರೂಪಾಯಿ ಬಿಟ್ಟ.

ನಮ್ಮ ಬಾಗಿಲ ಮುಂದಿನ ಹಗ್ಗದ ಮೇಲೆ
ಸದಾ ಒಂದು ಗಂಡಸಿನ ಅಂಗಿ.
ಅಪ್ಪನದಲ್ಲ; ಅಪ್ಪ ಹೋಗುವಾಗ ಬಕೀಟನ್ನೂ ಬಿಟ್ಟಿರಲಿಲ್ಲ.
ಜುನಾ ಬಾಜಾರದಲ್ಲಿ ಮೂವತ್ತು ರೂಪಾಯಿಗೆ ತಂದದ್ದು, ನೀಲಿ ಗೆರೆ.
ವಾರಕ್ಕೊಮ್ಮೆ ನೆನೆಸಿ, ಹಿಂಡಿ, ಮತ್ತೆ ಅಲ್ಲೇ.
ಕುಡಿದು ಗಲ್ಲಿಯ ತುದಿಗೆ ನಿಂತವರಿಗೆ
ಈ ಮನೆಯಲ್ಲೂ ಒಬ್ಬನಿದ್ದಾನೆಂದು
ತೋಳು ಬೀಸಿ ಹೇಳಲಿಕ್ಕೆ.

ತಲಾಠಿ ಬುಧವಾರ ಬರುತ್ತಾನೆಂದು ತಿಳಿಯಿತು.
ಅಂಗಿ ಕಂಡರೆ ಅರ್ಜಿ ರದ್ದು.
ಅವ್ವ ಅದನ್ನು ಮಡಚಿ ಗೋಡೆಯಾಚೆಯ ಲಾಲಬಿಗೆ ಕೊಟ್ಟಳು.

ಲಾಲಬಿಗೆ ಗಂಡನಿದ್ದ. ಅದೇ ಅವಳ ತೊಡಕು.
ವಾಘೋಲಿಯ ನಾಲ್ಕನೇ ಸ್ಲ್ಯಾಬಿನಿಂದ ಬಿದ್ದು
ಟೊಂಕದ ಮೇಲೆ ಮಾತ್ರ ಬದುಕಿದ್ದ ಮೌಲಾಸಾಬ.
ದಾಖಲೆಗೆ ಅವನನ್ನೇ ಎತ್ತಿ ತರಬೇಕಂತೆ;
ರಿಕ್ಷಾ ಈ ಸಂದಿಗೆ ಬರುವುದಿಲ್ಲ.
"ಅರ್ಧಾ ಸತ್ತಾನಂತ ಬರೀಲಿಕ್ಕೆ ಬರತೈತೇನು, ಬೇಟಾ?"
ನನ್ನನ್ನೇ ಕೇಳಿದ್ದಳು,
ಪೆನ್ನು ನನ್ನ ಕೈಲಿತ್ತಲ್ಲ.

ತಲಾಠಿ ಬಂದ. ಬಗ್ಗಿ ಒಳಗೆ ನೋಡಿದ.
ಎರಡು ತಾಟು, ಎರಡು ಲೋಟ. ಬರೆದುಕೊಂಡ.
ಒಳ್ಳೆಯವನೇ; ಚಹಾ ಕೂಡ ಬೇಡವೆಂದ.
ಗಂಡಸರು ಯಾರೂ ಇಲ್ಲವಲ್ಲ?
ಅವ್ವ ಹಗ್ಗದ ಕಡೆ ನೋಡಿದಳು.
ಬರೀ ಹಗ್ಗ. ನಾಲ್ಕು ಕ್ಲಿಪ್ಪು.

ಪಕ್ಕದ ಹೊಸ್ತಿಲಲ್ಲಿ,
ಚೌಕಟ್ಟಿಗೆ ಒರಗಿಸಿ ಕೂರಿಸಿದ್ದಳು ಲಾಲಬಿ,
ನೀಲಿ ಗೆರೆಯ ಅಂಗಿ ತೊಡಿಸಿ, ಕೊರಳ ಗುಂಡಿಯವರೆಗೂ ಹಾಕಿ.
ಎಂಟು ತಿಂಗಳ ಮೇಲೆ ಗಲ್ಲಿ ನೋಡುತ್ತಿದ್ದ ಮೌಲಾಸಾಬ
ತಲಾಠಿಗೆ ಸಲಾಮು ಮಾಡಿದ.
ತಲಾಠಿಯೂ ಮಾಡಿದ.
ಬರೆದುಕೊಳ್ಳಲಿಲ್ಲ.

ಮೊದಲ ಕಂತು ಬಂದದ್ದು ದೀಪಾವಳಿ ಕಳೆದ ಮೇಲೆ.
ಬಾಡಿಗೆ ಬಾಕಿಗೆ ಅರ್ಧ, ನನ್ನ ಚಪ್ಪಲಿಗೆ ಸ್ವಲ್ಪ,
ಒಂದು ಪುಡಿಕೆ ಚಹಾಪುಡಿ ಗೋಡೆಯಾಚೆಗೆ.
ಅಂಗಿ ಇಸಕೊಂಡು ಬರಲೇನು? ಅಂದೆ.
"ಉಟ್ಟಾರ. ಉಡಲಿ ಬಿಡು," ಅಂದಳು ಅವ್ವ.

ಹಗ್ಗ ಖಾಲಿಯೇ ಉಳಿಯಿತು.
ಆದರೆ ರಾತ್ರಿ ಯಾರಾದರೂ ನಮ್ಮ ಬಾಗಿಲ ಬಳಿ
ಸುಮ್ಮನೆ ನಿಂತು ಕೆಮ್ಮಿದರೆ
ತಗಡಿನ ಗೋಡೆಯಾಚೆಯಿಂದ ಕೆಮ್ಮುತ್ತಿದ್ದ ಮೌಲಾಸಾಬ,
ಮಲಗಿದಲ್ಲಿಂದಲೇ, ಜೋರಾಗಿ,
ಎರಡು ಮನೆಗೆ ಸಾಕಾಗುವಷ್ಟು.